ಇಪ್ಪತ್ತೆರಡು ನಿಮಿಷ

ಲಾರಿಯ ಡ್ರೈವರ್ ಸುಳ್ಳು ಬರೆದಿದ್ದ. ಸೌಮ್ಯಾಗೆ ಅದರಲ್ಲಿ ಅನುಮಾನ ಉಳಿದಿರಲಿಲ್ಲ.

ಭೂತಗನ್ನಡಿಯ ಕೆಳಗೆ ಮೇಣ ಸವರಿದ ದುಂಡನೆಯ ಕಾಗದದ ಡಿಸ್ಕ್ ಇತ್ತು. ಲಾರಿಯ ಡ್ಯಾಶ್‌ಬೋರ್ಡಿನೊಳಗೆ ಕೂತು, ವೇಗವನ್ನೂ ವಿಶ್ರಾಂತಿಯನ್ನೂ ಸೂಜಿಯಿಂದ ಗೀಚಿಸಿಕೊಳ್ಳುವ ಡಿಸ್ಕ್. ಒಬ್ಬ ಡ್ರೈವರಿಗೆ ದಿನಕ್ಕೊಂದು. ಈ ಲಾರಿಯಲ್ಲಿ ದಿನಕ್ಕೆ ಎರಡಿದ್ದವು. ಮೊದಲನೆಯದು ಮುಗಿದ ಕಿಲೋಮೀಟರಿನಲ್ಲೇ ಎರಡನೆಯದು ಶುರುವಾಗುತ್ತಿತ್ತು.

"ಕಾಗದದ ಮೇಲೆ ಇಬ್ಬರು, ಅಪ್ಪಾ. ಲಾರಿಯಲ್ಲಿ ಒಬ್ಬನೇ. ದಿನಕ್ಕೆ ಹದಿನೈದು ಗಂಟೆ."

"ಒಬ್ಬನ ಅಂತ ಹೆಂಗ ಹೇಳ್ತಿ?"

"ಎರಡರಲ್ಲೂ ಅಂಕಿ ಬರೆದ ಕೈ ಒಂದೇ."

ಅಪ್ಪ ವಿರೂಪಾಕ್ಷ ಪೂಜೆಯಿಂದ ನೇರ ಎದ್ದು ಬಂದಿದ್ದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಡಿಸ್ಕೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಅಂಚಿನಲ್ಲಿ ಬೂದಿ ಬಣ್ಣದ ಹೆಬ್ಬೆಟ್ಟಿನ ಗುರುತು.

"ಸಿಗರೇಟು ಸೇದಕೋತ ಹೊಡೀತಾನ, ನನ್ನ ಮಗ."

ಒಟ್ಟು ಐವತ್ತಾರು ಡಿಸ್ಕ್‌ಗಳು. ಕಳೆದ ವಾರ ಕಂದು ಲಕೋಟೆಯಲ್ಲಿ ಬಂದಿದ್ದವು, ಆಫೀಸಿಗಲ್ಲ, ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನ ಮನೆಗೆ. ಕಳಿಸಿದವರ ಹೆಸರಿಲ್ಲ. ಪ್ರತಿಯೊಂದರ ನಡುವೆ ಹೊರಟ ಊರಿನ ಹೆಸರೂ ಹಂಗೇರಿಯ ನೋಂದಣಿ ಸಂಖ್ಯೆಯೂ ಇದ್ದವು. ಡ್ರೈವರನ ಹೆಸರನ್ನು ಮಾತ್ರ ಬ್ಲೇಡಿನಿಂದ ಕೆರೆದು ತೆಗೆದಿದ್ದರು.

"ಅವರ ಗೋದಾಮಿನಾಗ ಯಾರೋ ಪುಣ್ಯಾತ್ಮ ಇದ್ದಾನ," ಎಂದಿದ್ದ ವಿರೂಪಾಕ್ಷ.

ಅವನಿಗೆ ಆ ಪುಣ್ಯಾತ್ಮ ಬೇಕಾಗಿತ್ತು. ಯುರೋಪಿನ ಒಕ್ಕೂಟಕ್ಕೆ ಹೊಸ ದೇಶಗಳು ಸೇರಿ ಒಂದೂವರೆ ವರ್ಷವಾಗಿತ್ತು. ಹೊರಗಿನ ನಂಬರಿನ ಲಾರಿಗಳು ಸರಕು ಇಳಿಸಿ ಹಿಂದಿರುಗುವ ಬದಲು ಇಲ್ಲೇ ಉಳಿದು, ಬರ್ಮಿಂಗ್‌ಹ್ಯಾಮ್‌ನಿಂದ ಲೀಡ್ಸ್‌ಗೆ, ಲೀಡ್ಸ್‌ನಿಂದ ಮ್ಯಾಂಚೆಸ್ಟರಿಗೆ ಅರ್ಧ ಬಾಡಿಗೆಗೆ ಓಡುತ್ತಿದ್ದವು. ವಿರೂಪಾಕ್ಷನ ಆರು ಲಾರಿಗಳಲ್ಲಿ ಎರಡು ಅಂಗಳದಲ್ಲೇ ನಿಂತವು. ಮೊದಲು ಕೆಲಸದಿಂದ ತೆಗೆದದ್ದು ಸ್ವಂತ ತಮ್ಮ ಪಂಚಾಕ್ಷರಿಯನ್ನು. ತಮ್ಮನನ್ನೇ ತೆಗೆದರೆ ಉಳಿದವರು ಪ್ರಶ್ನಿಸಲಾರರು ಎಂಬ ಲೆಕ್ಕ. ಈಗ ಉಳಿದ ನಾಲ್ವರು ಡ್ರೈವರುಗಳ ಕೆಲಸವೂ ಈ ಡಿಸ್ಕ್‌ಗಳ ಮೇಲೆ ನಿಂತಿತ್ತು.

"ಸಾಮಾನು ಗಡಿ ದಾಟಬಹುದಾದರೆ ಲಾರಿ ಯಾಕೆ ದಾಟಬಾರದು?" ಎಂದು ಸೌಮ್ಯಾ ಒಮ್ಮೆ ವಾದಿಸಿದ್ದಳು.

"ದಾಟಲಿ. ನಿದ್ದಿ ಮಾಡಿ ದಾಟಲಿ," ಎಂದಿದ್ದ ಅಪ್ಪ.

ಎಜ್‌ಬಾಸ್ಟನ್‌ನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುವವಳಿಗೆ ಗೆರೆಗಳು ಮಾತಾಡುತ್ತವೆ. ಆ ಲಾರಿ ಒಂದು ತಿಂಗಳಿಂದ ಸಮುದ್ರ ದಾಟಿರಲಿಲ್ಲ. ಭಾನುವಾರ ಕದಲುತ್ತಿರಲಿಲ್ಲ. ಉಳಿದ ಆರೂ ದಿನ ಬೆಳಿಗ್ಗೆ, ಮ್ಯಾಂಚೆಸ್ಟರ್ ಬಿಟ್ಟು ಹದಿನೆಂಟು ಕಿಲೋಮೀಟರಿಗೆ, ಮೋಟರ್‌ವೇ ಪಕ್ಕದ ಸರ್ವೀಸ್ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ನಿಮಿಷ ನಿಲ್ಲುತ್ತಿತ್ತು. ಹದಿನೈದು ಗಂಟೆಯಲ್ಲಿ ಊಟಕ್ಕೂ ಸರಿಯಾಗಿ ನಿಲ್ಲದವನು ಆ ಇಪ್ಪತ್ತೆರಡು ನಿಮಿಷ ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಡೀಸೆಲ್ ಕದ್ದು ಮಾರತಾನ," ಎಂದ ವಿರೂಪಾಕ್ಷ.

ಇನ್ನೊಂದು ಸಂಗತಿ ಅವಳನ್ನು ಕಾಡಿತು. ಹಂಗೇರಿಯ ಕಡೆಯವರು ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆಯುತ್ತಾರೆ. ಇವನು ಎಳೆದಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಮುಂದೆ ಹೋದಳು.

ಕೊನೆಯ ಡಿಸ್ಕನ್ನು ಅವಳು ಎರಡು ಸಲ ನೋಡಿದಳು. ಅಕ್ಟೋಬರ್ ಹತ್ತೊಂಬತ್ತು. ತೊಂಬತ್ತರ ವೇಗದ ಗೆರೆ ಒಮ್ಮೆಲೇ ಸೊನ್ನೆಗೆ ಬಿದ್ದಿತ್ತು. ಅಪಘಾತವಲ್ಲ, ಆಮೇಲೆ ಲಾರಿ ಹೊರಟಿದೆ. ಆದರೆ ನಲವತ್ತು ನಿಮಿಷ ಅಲ್ಲೇ ನಿಂತಿದೆ. ನಿದ್ದೆ ಹತ್ತಿದವನು ಯಾರನ್ನೋ ಕೂದಲೆಳೆಯ ಅಂತರದಲ್ಲಿ ತಪ್ಪಿಸಿದ್ದ. ಲಕೋಟೆಯ ಅಂಚೆ ಮುದ್ರೆ ಇಪ್ಪತ್ತನೆಯ ತಾರೀಖಿನದು.

ಶುಕ್ರವಾರ ಅವಳ ವರದಿ ವಾಹನ ತಪಾಸಣೆಯವರಿಗೆ ಹೋಯಿತು. ಸೋಮವಾರ ಬೆಳಿಗ್ಗೆ, ಆ ಸರ್ವೀಸ್ ಸ್ಟೇಷನ್ನಿನಲ್ಲೇ ಹಿಡಿಯುತ್ತೇವೆ ಎಂದರು.

ಭಾನುವಾರ ಎಂದಿನಂತೆ ಪಂಚಾಕ್ಷರಿ ಕಾಕಾ ಊಟಕ್ಕೆ ಬಂದ. ಮ್ಯಾಂಚೆಸ್ಟರಿನ ವಿದನ್‌ಶಾದ ಬಳಿ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಈಗ ಕೆಲಸ ಎಂದು ಹೇಳಿದ್ದ. ರೊಟ್ಟಿ ಮುರಿದ ಕೈ ತಟ್ಟೆಯ ಮೇಲೇ ನಿಂತಿತು, ಕಣ್ಣು ಮುಚ್ಚಿತು.

"ಏನ್ ಪಂಚಾಕ್ಷರಿ, ವಿಮಾನ ನೀವ ಹೆಗಲ ಮ್ಯಾಲೆ ಹೊತ್ತು ಹಾರಸ್ತೀರೇನು?" ನೀಲಮ್ಮ ಮೈದುನನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತ ಕೇಳಿದಳು.

"ಪಾಳಿ ಕೆಲಸ, ವೈನಿ." ಅವನು ನಕ್ಕ. ಆಮೇಲೆ ಸೌಮ್ಯಾಳ ಕಡೆ ತಿರುಗಿದ. "ಏನವ್ವಾ, ಅದೇನೋ ಹಂಗೇರಿ ಲಾರಿ ಲೆಕ್ಕ ಹಾಕಾಕತ್ತೀಯಂತ. ಸಿಗ್ತಾನೇನು ಅಂವ?"

"ನಾಳೆಯೇ ಸಿಗ್ತಾನೆ, ಕಾಕಾ. ಜೈಲೂ ಆಗಬಹುದು."

"ಆಗಲಿ. ಯಾರನ್ನರ ಕೊಲ್ಲೂಕಿಂತ ಮೊದಲ ಸಿಗಲಿ." ಒಂದು ಲೋಟ ಮಜ್ಜಿಗೆ ಕುಡಿದು ಅವನು ಎದ್ದ. ಬಾಗಿಲಲ್ಲಿ, ಅಪರೂಪಕ್ಕೆ, ಅಣ್ಣನ ಕಾಲು ಮುಟ್ಟಿದ.

"ಇದೇನೋ ಇವತ್ತು?" ವಿರೂಪಾಕ್ಷ ಮುಜುಗರಪಟ್ಟ.

"ಸುಮ್ನ."

ಸೋಮವಾರ ಎಂಟು ಗಂಟೆಗೆ ಫೋನ್ ಬಂತು. ವಿರೂಪಾಕ್ಷ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ಹಿಡಿದೆವು, ಸರ್. ನಿಮ್ಮ ಮಗಳು ಬರೆದ ಜಾಗದಲ್ಲಿ, ಬರೆದ ನಿಮಿಷಕ್ಕೆ." ಅಧಿಕಾರಿಯ ದನಿಯಲ್ಲಿ ಅಚ್ಚರಿ ಇತ್ತು. "ಮುಂದೆ ಇನ್ನೂ ಮೂರು ಲಾರಿ ಸಿಗುತ್ತವೆ, ಮಾಲೀಕನ ಹೆಸರು ತಾನೇ ಹೇಳಿದ. ಆದರೆ ವಿಚಿತ್ರ ಮನುಷ್ಯ. ಕಿಟಕಿ ತಟ್ಟಿದರೂ ತಿರುಗಲಿಲ್ಲ. ಹಣೆಗೆ ಮೂರು ಬೂದಿ ಗೆರೆ, ಎಡ ಅಂಗೈಯಲ್ಲೊಂದು ಸಣ್ಣ ಕರಿಯ ಕಲ್ಲು. ಅದನ್ನೇ ನೋಡುತ್ತ ಕೂತಿದ್ದ. ಮುಗಿದ ಮೇಲೆ ತಾನೇ ಇಳಿದು ಕೀಲಿ ಕೊಟ್ಟ."

ನೀಲಮ್ಮನ ಕೈಯಿಂದ ಬಟ್ಟಲು ಜಾರಿತು.

"ಒಂದೇ ಮಾತು ಕೇಳಿದ: 'ನಾ ಕಳಿಸಿದ ಲಕೋಟೆ ಅಣ್ಣನಿಗೆ ಮುಟ್ಟಿತಲ್ಲ?'"