ನಾನೂರಕ್ಕೆ ಒಂದು

ಕತ್ತರಿ ಅರ್ಧ ಸೆಂಟಿಮೀಟರ್ ಮೇಲೆ ಹೋದರೆ ಗಂಡ ಮನೆಯಲ್ಲಿ, ಕೆಳಗೆ ಬಂದರೆ ಜೈಲಿನಲ್ಲಿ. ದರ್ಜಿ ಉಸಿರು ಬಿಗಿಹಿಡಿದಳು. ಇಪ್ಪತ್ತು ವರ್ಷ ಪರರ ರೇಷ್ಮೆಗೆ ಕತ್ತರಿ ಹಾಕುವಾಗ ಅಂಜದ ಕೈ, ಇವತ್ತು ಒಂದು ತುಂಡು ರಟ್ಟಿಗೆ ಅಂಜಿತ್ತು.

ಊಟದ ಮೇಜು, ಇಸ್ತ್ರಿ ಮೇಜು ಎರಡನ್ನೂ ಕೂಡಿಸಿ ಹಾಸಿದ ಹಲಗೆಯ ಮೇಲೆ ಒಂದು ವಿಮಾನ ನಿಲ್ದಾಣ ಎದ್ದಿತ್ತು. ಎಲ್ಲವೂ ನಾನೂರಕ್ಕೆ ಒಂದರ ಅಳತೆ, ಅಲ್ಲಿಯ ನಾಲ್ಕು ಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮರಳುಕಾಗದದ ರನ್‌ವೇ, ಗುಂಡುಸೂಜಿಯ ದೀಪಗಳು, ಹಸಿರು ಬಟ್ಟೆಯ ಹುಲ್ಲು, ಈ ತುದಿಯಲ್ಲಿ ಕಂಟ್ರೋಲ್ ಟವರ್. ನಿಜವಾದ ಟವರಿನಲ್ಲಿ ಗಂಡ ಇಪ್ಪತ್ತೆರಡು ವರ್ಷ ಕೂತಿದ್ದ. ಅವನು ಇಳಿ ಎಂದರೆ ವಿಮಾನ ಇಳಿಯಬೇಕು, ಏರು ಎಂದರೆ ಏರಬೇಕು. ಮನೆಯಲ್ಲಿ ಮಾತ್ರ ತನ್ನ ಮಾತು ಒಂದೂ ನಡೆಯುವುದಿಲ್ಲ ಎಂದು ಅವನೇ ನಗುತ್ತಿದ್ದ.

ಮೂರು ತಿಂಗಳ ಹಿಂದೆ, ಬೆಳಗಿನ ಹತ್ತು ಗಂಟೆಗೆ, ರನ್‌ವೇ ದಾಟುವ ಜಾಗದಲ್ಲಿ ಒಂದು ವಿಮಾನ ನಿಂತಿರುವಾಗಲೇ ಅವನು ಇನ್ನೊಂದಕ್ಕೆ ಇಳಿ ಎಂದುಬಿಟ್ಟ. ಹದಿನಾಲ್ಕು ಜನ ಸತ್ತರು.

"ನಾನು ನೋಡಿದೆ. ದಾರಿ ಖಾಲಿ ಇತ್ತು." ಕೇಳಿದವರಿಗೆಲ್ಲ ಅವನದು ಇದೊಂದೇ ಉತ್ತರ. ಬಿದ್ದವರಿಗೆ ಆಳಿಗೊಂದು ಕಲ್ಲು. ಕೆಲವರು ಕುಡಿದಿದ್ದ ಎಂದರು, ಕೆಲವರು ತೂಕಡಿಸುತ್ತಿದ್ದ ಎಂದರು. ದರ್ಜಿ ಮಾತ್ರ ನಂಬಿದಳು. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಉಳಿದದ್ದು ಒಂದೇ ಹುಲ್ಲುಕಡ್ಡಿ. ಟವರಿಗೂ ಆ ಜಾಗಕ್ಕೂ ನಡುವೆ ಹೋದ ವರ್ಷ ವಿಮಾನ ರಿಪೇರಿಯ ಹೊಸ ಶೆಡ್ಡು ಕಟ್ಟಿದ್ದರು.

"ಆ ಶೆಡ್ಡು ಅಡ್ಡ ಬರ್ತದೆ ಅಂತ ತೋರಿಸಿಬಿಟ್ರೆ ತಪ್ಪು ಕಟ್ಟಿದವರದು," ಎಂದರು ನಕ್ಷೆ ತಂದುಕೊಟ್ಟ ವಕೀಲರು. "ಸೋಮವಾರ ವಿಚಾರಣೆಗೆ ಈ ನಕ್ಷೆ ಪ್ರಕಾರ ಒಂದು ಮಾದರಿ ಮಾಡಿ ತನ್ನಿ. ನಿಮ್ಮ ಟವರಿನ ಕಿಟಕಿಗೆ ಕಣ್ಣಿಟ್ಟು ನೋಡಿದ್ರೆ ವಿಮಾನ ಕಾಣಬಾರದು. ಅಷ್ಟೇ ನಮ್ಮ ಕೇಸು. ಅಂದ ಹಾಗೆ, ಆರೋಗ್ಯದ ಕಾಗದ ಎಲ್ಲಾ ಸರಿಯಾಗಿದೆ ತಾನೆ?"

"ಪ್ರತಿ ವರ್ಷ ಪಾಸು ಸಾರ್," ಎಂದಳು ದರ್ಜಿ. "ಡಾಕ್ಟ್ರ ಗೋಡೆ ಮೇಲಿನ ಅಕ್ಷರ ಇವರಿಗೆ ಬಾಯಿಪಾಠ. ಬೇಕಾದ್ರೆ ಇಲ್ಲೇ ಕೂತು ಒಪ್ಪಿಸ್ತಾರೆ."

ಗಂಡನೂ ನಕ್ಕ. ಮೂರು ತಿಂಗಳಲ್ಲಿ ಆ ಮನೆಯಲ್ಲಿ ನಗು ಕೇಳಿಸಿದ್ದು ಅದೊಂದೇ ಸಲ.

ಅಪಘಾತದ ನಂತರ ಅವನ ಕೈ ನಡುಗುತ್ತಿತ್ತು. ಹಾಗಾಗಿ ಬಾಯಿ ಅವನದು, ಕೈ ಅವಳದು. ನಕ್ಷೆ ಓದಿದವಳು ಅವಳು, ಬಿಳಿ ಗೆರೆ ಎಳೆದವಳು ಅವಳು. ಆಟಿಕೆ ಅಂಗಡಿಯಿಂದ ತಂದ ಪುಟ್ಟ ವಿಮಾನದ ಬಾಲಕ್ಕೆ ನಂಬರು ಬರೆದು ತೋರಿಸಿದಾಗ, "ನೀನೇ ಓದಿ ಹೇಳು," ಎಂದು ಮುಖ ತಿರುಗಿಸಿದ್ದ. ಪಾಪ, ಅದನ್ನು ನೋಡುವ ಧೈರ್ಯವೂ ಉಳಿದಿಲ್ಲವಲ್ಲ ಎಂದು ಅವಳ ಕರುಳು ಚುರ್ರೆಂದಿತ್ತು.

ಆದರೂ ಹಟ ಮಾತ್ರ ಹಾಗೇ ಇತ್ತು. "ನನ್ನ ಸಮಾಧಾನಕ್ಕೆ ಏನೂ ಮಾಡಬೇಡ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಬೇಡ. ಆ ಹದಿನಾಲ್ಕು ಜನಾನ ನಾನೇ ಕೊಂದೆನೋ ಇಲ್ಲವೋ, ನನಗೆ ಗೊತ್ತಾಗಬೇಕು."

ಅವನಿಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಟವರಿನ ಕಿಟಕಿಯಿಂದ ವಿಮಾನದವರೆಗೆ ಒಂದು ನೂಲು ಎಳೆದು ನೋಡಿದ್ದಳು. ನಕ್ಷೆಯಲ್ಲಿ ಶೆಡ್ಡಿನ ಎತ್ತರ ನಾಲ್ಕೂವರೆ ಸೆಂಟಿಮೀಟರ್. ಶೆಡ್ಡು ಬರುವ ಜಾಗದಲ್ಲಿ ಸ್ಕೇಲು ನಿಲ್ಲಿಸಿದರೆ ನೂಲು ಆ ಗುರುತಿನ ಮೇಲಿಂದ ಹಾದುಹೋಗುತ್ತಿತ್ತು. ಐದು ಇದ್ದಿದ್ದರೆ ತಡೆಯುತ್ತಿತ್ತು.

ದರ್ಜಿಯಾದವಳು ಹೊಲಿಗೆಗೆ ಅಂಚು ಬಿಟ್ಟೇ ಕತ್ತರಿಸುವವಳು. ಕೈ ತನ್ನ ಪಾಡಿಗೆ ತಾನು ಅರ್ಧ ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟುಬಿಟ್ಟಿತು. ಅದು ರೂಢಿಯೋ ದುರಾಸೆಯೋ ಅವಳಿಗೇ ತಿಳಿಯಲಿಲ್ಲ. ನಾಲ್ಕು ಗೋಡೆ ಅಂಟಿಸಿ, ಮೂಲೆಗಳನ್ನು ಬೆರಳಲ್ಲಿ ಒತ್ತಿ ಹಿಡಿದಳು. ಸತ್ತವರ ಮನೆಯವರೂ ಸೋಮವಾರ ಬರುತ್ತಾರೆ. ಅವರ ಮುಖ ನೋಡುವುದು ಹೇಗೆ?

ಗಂಡ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದ. "ಶೆಡ್ಡು ಆಯ್ತಾ?"

"ಆಯ್ತು ರೀ."

"ಅಳತೆ?"

ಅವಳು ಅಂಟಿದ ಮೂಲೆಯನ್ನು ಇನ್ನೊಮ್ಮೆ ಒತ್ತಿದಳು. "ನಕ್ಷೇಲಿ ಇದ್ದಷ್ಟೇ."

"ವಿಮಾನ?"

"ದಾಟೋ ಜಾಗದಲ್ಲೇ ಇಟ್ಟಿದ್ದೀನಿ."

ಅವನು ಮೇಜು ತಡವುತ್ತಾ ಬಂದು ಮಂಡಿಯೂರಿದ. ಕೈ ತಗುಲಿ ನಾಲ್ಕು ಗುಂಡುಸೂಜಿ ಬಿದ್ದವು. ಕೆನ್ನೆಯನ್ನು ಹಲಗೆಗೆ ಒತ್ತಿ, ಟವರಿನ ಕಿಟಕಿಗೆ ಕಣ್ಣಿಟ್ಟ. ಕಿಟಕಿಯ ಬಿಸಿಲು ರನ್‌ವೇ ಉದ್ದಕ್ಕೂ ಬಿದ್ದಿತ್ತು. ಅವಳು ಗೋಡೆಗೆ ಆತು ನಿಂತಳು. ಒಂದು ನಿಮಿಷ ಕಳೆಯಿತು. ಅವನ ಹೆಗಲು ಕುಲುಕತೊಡಗಿತು.

"ಕಾಣಲ್ಲ ಕಣೇ," ಎಂದ. "ವಿಮಾನ ಕಾಣಲ್ಲ! ಶೆಡ್ಡು ಪೂರ್ತಿ ಅಡ್ಡ ಬಂದುಬಿಟ್ಟಿದೆ. ನಾನು ಹೇಳಲಿಲ್ವಾ? ನಾನು ಕೊಂದಿಲ್ಲ ಕಣೇ, ನಾನು ಯಾರನ್ನೂ ಕೊಂದಿಲ್ಲ!"

ಮೂರು ತಿಂಗಳಿಂದ ಒಂದು ಹನಿ ಕಣ್ಣೀರು ಹಾಕದವನು ಮಗುವಿನಂತೆ ಅತ್ತ. ಅವನ ಕಿವಿ ಕೆಂಪಾಗಿರಲಿಲ್ಲ.

ಶೆಡ್ಡು ಇನ್ನೂ ಅವಳ ಕೈಯಲ್ಲೇ ಇತ್ತು.