ಗುಂಪಿನೊಳಗಿನ ಪಾತ್ರ

ದನಿ ಹೊರಡದಿದ್ದರೆ? ಬೆಳಿಗ್ಗೆ ಡೈರಿಯಲ್ಲಿ ಬರೆದಿಟ್ಟ ಪ್ರಶ್ನೆಯನ್ನೇ ಬಸವರಾಜೇಶ್ವರಿ ಸಂಜೆ ಚಂದ್ರಾ ಲೇಔಟಿನ ಪಾರ್ಕಿನ ಮುಂದೆ, ಜನರ ನಡುವೆ ನಿಂತು, ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದಳು. ಬೀದಿನಾಟಕದಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಒಂದು ಮಾತು. ನಾಟಕ ನೋಡಲು ಬಂದವಳಂತೆ ಗುಂಪಿನಲ್ಲಿ ನಿಂತಿರಬೇಕು. ಕೊನೆಯಲ್ಲಿ ತಂಡದ ಅರುಣ, ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಜನರನ್ನು ಕೇಳಿದಾಗ, "ನಾನು ನೋಡಿದೀನಿ" ಅನ್ನುತ್ತ ಮುಂದೆ ಬರಬೇಕು. "ನಿನ್ನ ಹೆಸರೇ ಏಳಕ್ಷರ ಕಣೇ, ಡೈಲಾಗು ಆರಕ್ಷರ. ಇಷ್ಟೂ ಆಗಲ್ವಾ?" ಎಂದು ಅವನು ರೇಗಿಸಿದ್ದ. ಈ ಪಾತ್ರಕ್ಕೆ ಅವಳನ್ನು ಆರಿಸಿದವನೂ ಅವನೇ. ಎಲ್ಲಿ ನಿಂತರೂ ಯಾರ ಕಣ್ಣಿಗೂ ಬೀಳದವಳು ತಂಡದಲ್ಲಿ ಅವಳೊಬ್ಬಳೇ.

ತಮಟೆ ಬಡಿಯಿತು. ಕಚೇರಿಯ ಕಳ್ಳತನವನ್ನು ಬಯಲಿಗೆಳೆದ ಗುಮಾಸ್ತನ ಕಥೆ. ಅಂಥವರನ್ನು ಕಾಯುವ ಕಾನೂನು ಬೇಕೆಂದು ಕೊನೆಗೊಂದು ಬಿಳಿ ಪಂಚೆಯ ಮೇಲೆ ಜನರಿಂದ ಸಹಿ ಹಾಕಿಸುವುದಿತ್ತು. ಗುಮಾಸ್ತ ಕ್ಯಾಂಟೀನಿಗೆ ಬಂದೊಡನೆ ಜೊತೆಯವರೆಲ್ಲ ಟೀ ಲೋಟ ಎತ್ತಿಕೊಂಡು ಸಾಲಾಗಿ ಎದ್ದು ಹೋದರು. ಜನ ಬಿದ್ದು ಬಿದ್ದು ನಕ್ಕರು. ರಾಜೇಶ್ವರಿಯ ಪಕ್ಕದಲ್ಲಿದ್ದ ಹೆಂಗಸು ಮಾತ್ರ ನಗಲಿಲ್ಲ. ತುಂಬಿದ ಕಣ್ಣಲ್ಲೇ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಯಾರೆಂದು ಗುರುತು ಸಿಕ್ಕಿತು: ತಮ್ಮ ಮನೆಯ ಹಿಂದಿನ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಯವಳು, ದಾನಮ್ಮ. ತಾರಸಿಯಿಂದ ದಿನಾ ಕಾಣುವ ಮುಖ. ಒಂದು ದಿನವೂ ಮಾತಾಡಿಸಿದ್ದಿಲ್ಲ. ಇಷ್ಟು ತಮಾಷೆಯ ಜಾಗದಲ್ಲಿ ಈಕೆಗೆ ಅಳು ಯಾಕೆ? ರಾಜೇಶ್ವರಿ ನಾಟಕ ಬಿಟ್ಟು ಅವಳನ್ನೇ ನೋಡತೊಡಗಿದಳು.

ಹಾಗೆ ನೋಡುತ್ತ ಮೈಮರೆತಿದ್ದಾಗಲೇ ಅರುಣನ ದನಿ ಕೇಳಿಸಿತು. "ಈ ಮನುಷ್ಯನ ಪರವಾಗಿ ಸಾಕ್ಷಿ ಹೇಳೋರು ಯಾರಾದ್ರೂ ಇದೀರಾ?"

ಅವಳು ಬಾಯಿ ತೆರೆದಳು. ಮಾತು ಬಂದದ್ದು ಪಕ್ಕದಿಂದ.

"ನಾ ನೋಡೀನ್ರಿ," ಅಂದಳು ದಾನಮ್ಮ. ಅಂದವಳೇ ನಡುವೆ ಬಂದು ನಿಂತಳು. "ಹಾಸ್ಟೆಲ್ ಹುಡುಗ್ಯಾರ ಅಕ್ಕಿ ಮೂಟಿ ಹಿಂದಿನ ಬಾಗಲಾಗ ಹೊರಗ ಹೋಗೂದು ನಾ ನೋಡೀನಿ. ಮ್ಯಾಲಿನವ್ರಿಗೆ ಅರ್ಜಿ ಬರಸಿ ಕೊಟ್ಟೆ. ಈಗ ನಾನೇ ಕದ್ದೀನಿ ಅಂತಾರ. ನಾಳೆ ವಿಚಾರಣಿ ಐತಿ. ಸಾಕ್ಷಿ ತಾ, ಇಲ್ಲಾಂದ್ರ ಕೆಲಸ ಬಿಡು ಅಂತಾರ. ಎಲ್ಲಿಂದ ತರ್ಲಿ?"

ಜೋರು ಚಪ್ಪಾಳೆ ಬಿತ್ತು. ಎಂಥಾ ಆಕ್ಟಿಂಗ್ ಗುರು, ನಿಜವಾದ ಹುಬ್ಬಳ್ಳಿಯವರ ಥರಾನೇ ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ಅರುಣ ತಮಟೆ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದ. ಅವನು ಬರೆದ ನಾಟಕದಲ್ಲಿ ಅಕ್ಕಿ ಮೂಟೆ ಇರಲೇ ಇಲ್ಲ.

ರಾಜೇಶ್ವರಿಗೆ ಮಾತ್ರ ಆ ಮೂಟೆಗಳು ಗೊತ್ತಿದ್ದವು. ತಾರಸಿಯಲ್ಲಿ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಿದ್ದಾಗ, ಹುಡುಗಿಯರೆಲ್ಲ ಕಾಲೇಜಿಗೆ ಹೋದ ಹೊತ್ತಿನಲ್ಲಿ, ಸತತ ಮೂರು ಗುರುವಾರ ಅವು ಲಗೇಜ್ ಆಟೋ ಹತ್ತುವುದನ್ನು ನೋಡಿದ್ದಳು. ಹಾಸ್ಟೆಲಿಗೆ ಮೂಟೆ ಬರಬೇಕಲ್ಲ, ಹೋಗುವುದು ಯಾಕೆ ಎಂದು ಕುತೂಹಲಕ್ಕೆ ಡೈರಿಯಲ್ಲಿ ಬರೆದೂ ಇಟ್ಟಿದ್ದಳು. ಬರೆದ ಮೇಲೆ ಆ ಪ್ರಶ್ನೆ ಅಲ್ಲಿಗೆ ಮುಗಿದಿತ್ತು, ಅವಳ ಎಲ್ಲ ಪ್ರಶ್ನೆಗಳ ಹಾಗೆ.

ಗುಂಪನ್ನು ಸರಿಸಿಕೊಂಡು ಹಾಸ್ಟೆಲಿನ ವಾರ್ಡನ್ ಗೂಳಪ್ಪ ಬಂದ. ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಮುಖದ ತುಂಬ ನಗು. "ನಮ್ ದಾನಮ್ಮ ಕಣ್ರೀ. ಟೀವಿ ಸೀರಿಯಲ್ ನೋಡೀ ನೋಡೀ ಹಿಂಗಾಗಿದಾಳೆ. ಬಾರಮ್ಮ, ಸಾರಿಗೆ ಒಗ್ಗರಣೆ ಯಾರು ಹಾಕ್ತಾರೆ?" ಜನ ಮತ್ತೆ ನಕ್ಕರು. ಇದನ್ನೂ ನಾಟಕದ ಭಾಗವೆಂದೇ ತಿಳಿದವರು ಅವನಿಗೂ ಚಪ್ಪಾಳೆ ತಟ್ಟಿದರು. ದಾನಮ್ಮ ಸುತ್ತ ಕಣ್ಣಾಡಿಸಿದಳು. ನೆರೆದ ನೂರು ಮುಖಗಳಲ್ಲಿ ಒಂದಾದರೂ ತನ್ನನ್ನು ನಂಬಿದ ಮುಖ ಇದೆಯೇ ಎಂದು ಹುಡುಕುವ ಹಾಗೆ.

"ನಾನು ನೋಡಿದೀನಿ."

ಆರಕ್ಷರ ಹೊರಬಿದ್ದಿದ್ದವು. ಬಾಯಿಪಾಠ ಮಾಡಿದ್ದ ಅದೇ ರಾಗದಲ್ಲಿ, ಕೊನೆಯ ಅಕ್ಷರಕ್ಕೆ ಅರುಣ ಹೇಳಿಕೊಟ್ಟ ಅದೇ ಒತ್ತಿನಲ್ಲಿ. ಗೂಳಪ್ಪ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೇ ಚಪ್ಪಾಳೆ ತಟ್ಟಿದ. "ಶಭಾಷ್. ಇನ್ನೂ ಎಷ್ಟ್ ಜನಾನ ಗುಂಪಲ್ಲಿ ನಿಲ್ಸಿದೀರಪ್ಪಾ? ಡೈಲಾಗು ಚೆನ್ನಾಗಿ ಹೇಳ್ಕೊಟ್ಟಿದೀರ." ದಾನಮ್ಮನ ಮುಖದಲ್ಲಿ ಒಂದು ಚಣ ಮೂಡಿದ್ದ ಬೆಳಕು ಆರಿತು. ಅವಳೂ ಅದನ್ನು ಡೈಲಾಗು ಅಂದುಕೊಂಡಳು. ಸೆರಗು ಸರಿಮಾಡಿಕೊಂಡು ಗೂಳಪ್ಪನ ಹಿಂದೆ ಹೊರಟಳು. ಸಾಕು ಬಾರೇ, ನಾಟಕ ಮುಗೀತು ಎಂದು ಅರುಣ ಮೆಲ್ಲಗೆ ಅಂದ.

ಯಾರೂ ಬರೆದುಕೊಟ್ಟಿರದ ಮಾತನ್ನು ಹತ್ತು ಜನರ ಎದುರು ರಾಜೇಶ್ವರಿ ಈವರೆಗೆ ಆಡಿದ್ದೇ ಇಲ್ಲ. ಅವಳು ನಾಲ್ಕು ಹೆಜ್ಜೆ ನಡೆದು ಅವರಿಬ್ಬರ ದಾರಿಗೆ ಅಡ್ಡ ನಿಂತಳು.

"ಸಾರ್," ಅಂದಳು, ರಾಗವಿಲ್ಲದ ಸಣ್ಣ ದನಿಯಲ್ಲಿ. "ನಮ್ಮನೆ ತಾರಸಿಯಿಂದ ನಿಮ್ ಹಾಸ್ಟೆಲ್ ಹಿಂದ್ಗಡೆ ಗೇಟು ಕಾಣ್ಸುತ್ತೆ."