ಸಾಕಿದವಳ ಕಡೆ

ಅದು ಮಧ್ಯಯುಗದ ಸ್ಕಾಟ್ಲೆಂಡಿನ ಯುದ್ಧದ ಕಂಪ್ಯೂಟರ್ ಆಟ. ಅಲ್ಲಿನ ಗೇಲಿಕ್ ಪಾಳೆಯಗಾರರು ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಯಲು ಬಿಡುತ್ತಿದ್ದರು. ಇತಿಹಾಸ ಕೂದಲೆಳೆಯಷ್ಟೂ ತಪ್ಪಬಾರದೆಂದು ವರ್ಷಗಟ್ಟಲೆ ಆಟ ತಯಾರಿಸುವ ತಂಡದ ಪ್ರಾಣ ಹಿಂಡಿದ್ದ ಮುಖ್ಯಸ್ಥೆ ಮಂದಾಕಿನಿಯೇ ಇವತ್ತು ಅಂಗಲಾಚುತ್ತಿದ್ದಳು.

"ಆಟದಲ್ಲಿ ಯುದ್ಧ ಬಂದಾಗ ಹುಡುಗ ಹೆತ್ತವಳ ಕಡೆಗೇ ಬರಲಿ ಸಾರ್."

"ಆಗಲ್ಲ ಮೇಡಂ. ಅಂಥ ಮಕ್ಕಳು ಪ್ರಾಣ ಕೊಡ್ತಿದ್ದಿದ್ದು ಸಾಕಿದ ಮನೆಗೆ," ಎಂದರು ಇತಿಹಾಸದ ಸಲಹೆಗಾರರು.

"ಕರೆದ್ರೂ ಬರಲ್ವಾ? ಹೆತ್ತ ಕರುಳು ಸಾರ್!"

"ಸುಳ್ಳು ಬೇಡ ಅಂದಿದ್ದು ನೀವೇ ಅಲ್ವಾ?"

ಅವಳು ಎದ್ದು ಹೊರಗೆ ಬಂದಳು. ಆಟದ ಕೆಲಸ ಮುಗಿಯುವವರೆಗೆ ಮಾತ್ರ ಎಂದು ಅಕ್ಕನ ಮನೆಯಲ್ಲಿ ಬಿಟ್ಟಿದ್ದ ಮಗನಿಗೆ ಫೋನು ಮಾಡಿದಳು.

"ನಾನು ಕಣೋ ಪುಟ್ಟಾ. ನಾಳೆ ಬರ್ತೀನಿ, ನಮ್ಮನೆಗೆ ಹೋಗೋಣ."

ಆ ಕಡೆ ಹುಡುಗ ಅಡುಗೆಮನೆಯತ್ತ ತಿರುಗಿ ಕೂಗಿದ: "ಅಮ್ಮಾ, ಚಿಕ್ಕಮ್ಮ ಕರೀತಿದಾಳೆ. ನಾನು ಬರಲ್ಲ ಅಂತ ಹೇಳು!"